ಮಾಲೀಕನಿಲ್ಲದ ಗಡಿಯಾರ

ಇದು ನಡೆದ ಕತೆ. ಕಟ್ಟಿದ ಕತೆಯಾಗಿದ್ದರೆ ಗಂಟಕ್ಕ ಇದನ್ನು ಇನ್ನೂ ಚೆನ್ನಾಗಿ ಕಟ್ಟುತ್ತಿದ್ದಳು. ಕಟ್ಟುವುದು, ಬಿಚ್ಚುವುದು ಅವಳ ಕಸುಬೇ ತಾನೇ!

“ಸಹಿ ಹಾಕಲ್ಲ,” ಎಂದಳು ಕಂಡಕ್ಟರ್.

ಮೇಜಿನ ಮೇಲೆ ಅವಳಪ್ಪನ ಸಾಮಾನಿನ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಪೆನ್ನು, ಪೆನ್ನಿನ ಪಕ್ಕದಲ್ಲಿ ಒಂದು ಲೋಟ ನೀರು. ಕಂಡಕ್ಟರ್ ಎರಡನ್ನೂ ಮುಟ್ಟಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ ಡಿಪೋದಿಂದ ನೇರ ಬಂದಿದ್ದಳು. ಮೈಮೇಲೆ ಸಮವಸ್ತ್ರ, ಕೊರಳಲ್ಲಿ ಸೀಟಿ.

“ಪಟ್ಟಿ ನೋಡಮ್ಮ,” ಎಂದಳು ಗಂಟಕ್ಕ. “ಕೈಗಡಿಯಾರ ಒಂದು. ಕನ್ನಡಕ ಒಂದು. ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಭೂತಗನ್ನಡಿ ಒಂದು. ಟವೆಲ್ ಎರಡು. ಚಪ್ಪಲಿ ಒಂದು ಜೊತೆ. ಎಲ್ಲಾ ಸರಿಯಾಗಿದೆ ತಾನೇ?”

“ಒಂದು ಗಡಿಯಾರ ಕಮ್ಮಿ ಇದೆ.”

“ಇದೆಯಲ್ಲ ಇಲ್ಲಿ!”

“ಅದು ನಮ್ಮಪ್ಪಂದು. ಇನ್ನೊಂದು ಎಲ್ಲಿ?” ಕಂಡಕ್ಟರ್ ಟಿಕೆಟ್ ಹರಿದುಕೊಡುವ ಠೀವಿಯಲ್ಲಿ ಒಂದು ರಟ್ಟಿನ ಚೀಟಿಯನ್ನು ಮೇಜಿಗೆ ಒತ್ತಿದಳು. “ಇದು ಅಪ್ಪನ ಮೈಮೇಲಿದ್ದ ಪೈಜಾಮದ ಜೇಬಲ್ಲಿತ್ತು. ರಿಪೇರಿಗೆ ಬಂದ ಗಡಿಯಾರಕ್ಕೆ ಅಪ್ಪ ಕಟ್ತಿದ್ದ ಚೀಟಿ. ಚೀಟಿ ಇದೆ ಅಂದ್ರೆ ಗಡಿಯಾರ ಇರಲೇಬೇಕು. ಯಾರದೋ ಏನೋ! ನಾಳೆ ಅವರು ಅಂಗಡಿ ಬಾಗಿಲಿಗೆ ಬಂದು ಕೇಳಿದ್ರೆ? ಅಪ್ಪನ್ನ ಕೊಂದವಳು ಅನ್ನಿಸ್ಕೊಂಡಿದ್ದು ಸಾಲದು ಅಂತ ಗಡಿಯಾರ ಕದ್ದವಳು ಅಂತಲೂ ಅನ್ನಿಸ್ಕೊಳ್ಳಲಾ?”

ಆ ಮಾತಿನ ಮುಳ್ಳು ಎಲ್ಲಿಯದೆಂದು ಗಂಟಕ್ಕನಿಗೆ ಗೊತ್ತಿತ್ತು. ಒಂಬತ್ತು ದಿನದ ಹಿಂದೆ, ಏಳನೇ ವಾರ್ಡಿನ ಒಂಬತ್ತನೇ ಹಾಸಿಗೆಯಲ್ಲಿ, ಹರ್ನಿಯಾ ಆಪರೇಷನ್ ಆದ ಮೂರನೇ ದಿನ, ಗಡಿಯಾರ ರಿಪೇರಿಯವರು ತೀರಿಕೊಂಡಿದ್ದರು. ಕಡತದ ಕೊನೆಯ ಹಾಳೆ ಮಾತ್ರ ಗಂಟಕ್ಕನ ಕೈಗೆ ಬಂದಿತ್ತು, ಅದರಲ್ಲಿ ಒಂದು ಸಾಲು: ‘ಸೂಚನೆ ಮೀರಿ ಮಗಳು ಕುಡಿಸಿದ ನೀರು ಶ್ವಾಸನಾಳಕ್ಕೆ ಹೋದದ್ದರಿಂದ ಸಾವು.’ ಸಾಲಿನ ಕೆಳಗೆ ಯಾರ ಸಹಿಯೂ ಇರಲಿಲ್ಲ. ಕಾರಣ ಗೊತ್ತಾಯಿತಲ್ಲ ಎಂದು ಮರಣೋತ್ತರ ಪರೀಕ್ಷೆಯನ್ನೂ ಮಾಡಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಸಾವಿನ ಪರಿಶೀಲನಾ ಸಭೆ. ಸಭೆ ಒಪ್ಪಿದರೆ ಕಡತ ಮುಚ್ಚಿತು. ಸಾಲು ಶಾಶ್ವತ. ಅದರ ಒಂದು ಪ್ರತಿ ಅಂಚೆಯಲ್ಲಿ ಮಗಳ ಮನೆಗೆ.

ಆಸ್ಪತ್ರೆಯ ನೆಲಮಹಡಿಯ ಕಾರಿಡಾರಿನ ಕಟ್ಟಕಡೆಯಲ್ಲಿ, ಮುಂದೆ ಗೋಡೆ ಬಿಟ್ಟರೆ ಏನೂ ಇಲ್ಲ ಎನ್ನುವಲ್ಲಿ ಗಂಟಕ್ಕನ ಕೋಣೆ. ಬಾಗಿಲಿನ ಮೇಲೆ ‘ಕುಟುಂಬ ಸಹಾಯ ಕೊಠಡಿ’ ಎಂದು ಬೋರ್ಡಿದೆ. ಅದನ್ನು ಯಾರೂ ಓದುವುದಿಲ್ಲ. ತೀರಿಕೊಂಡವರ ಬಟ್ಟೆಬರೆಯನ್ನು ಮಡಿಸಿ, ಪಟ್ಟಿ ಮಾಡಿ, ಗಂಟುಕಟ್ಟಿ ಮನೆಯವರಿಗೆ ಒಪ್ಪಿಸುವುದು ಅವಳ ಕೆಲಸ, ಅದಕ್ಕೇ ಗಂಟಕ್ಕ. ಮನೆಯವರು ಕೇಳುವ ಪ್ರಶ್ನೆಗಳನ್ನು ಬರೆದುಕೊಂಡು ಸಭೆಗೆ ಒಯ್ಯುವುದೂ ಅವಳ ಕೆಲಸವೇ. ‘ತುಂಬ ನೋವಾಯ್ತಾ?’ ‘ನನ್ನ ಕೇಳಿದ್ರಾ?’ ‘ನಾನು ಒಂದು ಗಂಟೆ ಮೊದಲೇ ಬಂದಿದ್ರೆ?’ ಇಪ್ಪತ್ತೆರಡು ವರ್ಷದಿಂದ ಇದೇ ಮೂರು ಪ್ರಶ್ನೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಸಿಕ್ಕಿಬಿದ್ದವಳು ಇಲ್ಲಿಗೆ ಬಂದು ಸೇರಿದ್ದಳು. ದನಿ ಕದಿಯುವ ಚಾಳಿ ಮಾತ್ರ ಅಲ್ಲೇ ಉಳಿಯದೆ ಜೊತೆಗೇ ಬಂದಿತ್ತು.

“ನೀರು ಕುಡಿಯಮ್ಮ,” ಎಂದಳು.

“ಬೇಡ.”

“ಒಂಬತ್ತು ದಿನದಿಂದ ಯಾರೆದುರಿಗೂ ಕುಡೀತಿಲ್ಲ ಅಲ್ವಾ ನೀನು?”

ಕಂಡಕ್ಟರ್ ಕಿಟಕಿಯತ್ತ ತಿರುಗಿದಳು. “ಬಸ್ಸಲ್ಲಿ ಯಾರಾದ್ರೂ ಬಾಟಲಿ ಎತ್ತಿದ್ರೆ ಹಿಂದಿನ ಸೀಟಿಗೆ ಹೋಗ್ತೀನಿ. ನೀವು ಗಡಿಯಾರ ಹುಡುಕಿಕೊಡಿ. ಆಮೇಲೆ ಸಹಿ.”

ಗಂಟಕ್ಕ ಚೀಟಿಯನ್ನು ಕೈಗೆತ್ತಿಕೊಂಡಳು. ಬೆರಳುದ್ದದ ರಟ್ಟು. ತುದಿಯಲ್ಲಿ ತೂತು, ತೂತಿನಲ್ಲಿ ದಾರ. ಅಕ್ಷರ ಇರುವೆ ಸಾಲಿನಷ್ಟು ಸಣ್ಣ.

*ಮಾಲು: ಹಳೆಯದು, ಗಟ್ಟಿ.*

*ದೂರು: ವೇಗ ಹೆಚ್ಚು.*

*ಮಾಲೀಕರು:* ಎಂದು ಬರೆದು ಮುಂದೆ ಖಾಲಿ ಬಿಟ್ಟಿತ್ತು.

ಅದರ ಕೆಳಗೆ ವೇಳೆ, ಪಕ್ಕದಲ್ಲಿ ಅಂಕಿ. ಬೆಳಿಗ್ಗೆ ಎಂಟಕ್ಕೆ 21. ಹತ್ತಕ್ಕೆ 23. ಹನ್ನೆರಡಕ್ಕೆ 25. ಎರಡಕ್ಕೆ 28. ನಾಲ್ಕಕ್ಕೆ 30. ಆರಕ್ಕೆ 33. ಕಟ್ಟಕಡೆಗೆ, ಏಳು ಗಂಟೆಗೆ 32. ಅದರ ಮುಂದೆ ಮೂರೇ ಮಾತು: *ಎಣ್ಣೆ ಬಿತ್ತು. ಸುಧಾರಣೆ.*

“ಈ ಅಂಕಿ ಏನು?”

“ಗಡಿಯಾರ ಎಷ್ಟು ಸೆಕೆಂಡು ಮುಂದೆ ಓಡ್ತಿದೆ ಅಂತ. ಆದ್ರೆ ದಿನಕ್ಕೊಂದು ಸಲ ಬರೀತಾರೆ. ಎರಡೆರಡು ಗಂಟೆಗೆ ಬರೆದಿದ್ದು ನಾನಂತೂ ನೋಡಿಲ್ಲ. ತೀರಾ ಕೆಟ್ಟಿರೋ ಗಡಿಯಾರ ಇರಬೇಕು.”

“ಎಣ್ಣೆ ಬಿತ್ತು ಅಂತ ಬರೆದಿದ್ದಾರೆ. ವಾರ್ಡಲ್ಲಿ ಗಡಿಯಾರದ ಎಣ್ಣೆ ಎಲ್ಲಿಂದ ಬಂತು?”

ಕಂಡಕ್ಟರ್ ಗಂಟಿನೊಳಗೆ ಎಣ್ಣೆ ಶೀಶೆ ಹುಡುಕಿದಳು, ಸಿಗಲಿಲ್ಲ.

“ನೀನು ಅವತ್ತು ಎಷ್ಟು ಗಂಟೆಗೆ ಬಂದೆ?”

“ಆರು ಕಳೆದು ಹತ್ತು ನಿಮಿಷ. ಡಿಪೋದಿಂದ ಓಡೋಡಿ ಬಂದೆ.”

“ಅಪ್ಪ ಏನು ಮಾಡ್ತಿದ್ರು?”

“ಸುಮ್ನೆ ಕೂತಿದ್ರು. ಒಂದು ಕೈ ಹೊಟ್ಟೆ ಮೇಲೆ. ಕಣ್ಣು ಕೈಗಡಿಯಾರದ ಮೇಲೆ. ನಾನು ತಡ ಮಾಡ್ದೆ ಅಂತ ನೋಡ್ತಿದ್ದಾರೆ ಅಂದ್ಕೊಂಡೆ. ‘ಬಂದೆನಲ್ಲಪ್ಪ’ ಅಂದ್ರೆ, ‘ತಡಿ, ಎಣಿಸ್ತಿದ್ದೀನಿ’ ಅಂದ್ರು. ಆಮೇಲೆ ನೀರು ಕೇಳಿದ್ರು. ಆರೂವರೆಗೆ ಅರ್ಧ ಲೋಟ ಕೊಟ್ಟೆ.” ಅವಳ ದನಿ ಬ್ರೇಕ್ ಹಾಕಿದ ಬಸ್ಸಿನಂತೆ ಮುಗ್ಗರಿಸಿತು. “ಎಂಟೂ ಮುಕ್ಕಾಲಿಗೆ ಹೋಗ್ಬಿಟ್ರು.”

ಗಂಟಕ್ಕ ರಿಪೇರಿಯವರ ಕೈಗಡಿಯಾರ ಎತ್ತಿಕೊಂಡಳು. ಇನ್ನೊಂದು ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಸೆಕೆಂಡಿನ ಮುಳ್ಳು ಒಂದು ಸುತ್ತು ಹಾಕಿತು. ಹೊಟ್ಟೆ ಹದಿನೈದು ಸಲ ಎದ್ದು ಕೂತಿತು.

ಅವಳ ಮುಖ ಬಿಳುಚಿತು. ಆಮೇಲೆ ಕೆಂಪೇರಿತು.

“ಅಮ್ಮಾ ಕಂಡಕ್ಟರೇ, ಯಾವ ಗಡಿಯಾರವೂ ಕಳೆದಿಲ್ಲ. ಈ ಚೀಟಿ ನಿಮ್ಮಪ್ಪ ತನಗೆ ತಾನೇ ಕಟ್ಕೊಂಡಿದ್ದು.”

“ಅಂದ್ರೆ?”

“ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ ಬರೆದಿದ್ದಾರೆ. ಬೆಳಿಗ್ಗೆ ಇಪ್ಪತ್ತೊಂದು. ಆರು ಗಂಟೆಗೆ ಮೂವತ್ತಮೂರು. ನೀನು ಇನ್ನೂ ಡಿಪೋದಲ್ಲಿ ಲೆಕ್ಕ ಒಪ್ಪಿಸ್ತಿದ್ದಾಗಲೇ ಅವರ ಉಸಿರು ಕೆಟ್ಟಿತ್ತು. ಎಣ್ಣೆ ಅಂತ ಬರೆದಿದ್ದು ನೀನು ಕೊಟ್ಟ ನೀರನ್ನ. ನೋಡು. ಅದಾದ ಮೇಲೆ ಒಂದು ಕಮ್ಮಿಯಾಗಿದೆ.”

ಕಂಡಕ್ಟರ್ ಚೀಟಿಯನ್ನು ಕಿತ್ತುಕೊಂಡು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ‘ಸುಧಾರಣೆ’ ಎಂಬ ಮಾತಿನ ಮೇಲೆ ಅವಳ ಹೆಬ್ಬೆರಳು ಬಹಳ ಹೊತ್ತು ನಿಂತಿತು.

“ಹಾಗಾದ್ರೆ ಇಲ್ಲಿಯವರು ಏನು ಬರೆದಿದ್ದಾರೆ?” ಎಂದಳು. ದನಿಯಲ್ಲಿ ಅಳು ಇರಲಿಲ್ಲ. ಇಳಿಯದ ಪ್ರಯಾಣಿಕನನ್ನು ಕೇಳುವ ಗಡಸು ಇತ್ತು.

ಅದೇ ಈಗಿನ ಪ್ರಶ್ನೆ. ಪೂರ್ತಿ ಕಡತ ನೋಡಲು ಅರ್ಜಿ ಕೊಟ್ಟರೆ ಮೂರು ದಿನ ಬೇಕು. ಇದ್ದದ್ದು ಒಂದೂ ಕಾಲು ಗಂಟೆ. ಗಂಟಕ್ಕ ಗಂಟಲು ಸರಿಮಾಡಿಕೊಂಡು ಫೋನೆತ್ತಿದಳು. ಅವಳ ಬಾಯಿಂದ ಹೊರಟದ್ದು ಹೆಣ್ಣಿನ ದನಿಯಲ್ಲ. ದೊಡ್ಡ ಸರ್ಜನ್ನರದು, ಇಡೀ ಆಸ್ಪತ್ರೆ ಹಿಂದಿನಿಂದ ಗುಡುಗು ಡಾಕ್ಟರು ಎಂದು ಕರೆಯುವವರದು.

“ಏನ್ರೀ ಗುಮಾಸ್ತರೇ! ಕಡತ ಕಾಯ್ತಿದ್ದೀರೋ, ಕನಸು ಕಾಣ್ತಿದ್ದೀರೋ? ಏಳನೇ ವಾರ್ಡು, ಒಂಬತ್ತನೇ ಹಾಸಿಗೆ! ಗಂಟಕ್ಕನ ರೂಮಿಗೆ ಕಳಿಸಿ! ಈಗ ಅಂದ್ರೆ ಈಗ!”

ಕಡತ ನಾಲ್ಕು ನಿಮಿಷದಲ್ಲಿ ಬಂತು.

ನಾಡಿ, ರಕ್ತದೊತ್ತಡ, ಜ್ವರ, ಉಸಿರು. ನಾಲ್ಕು ಗಂಟೆಗೊಮ್ಮೆ ತುಂಬುವ ನಕ್ಷೆ. ಅವತ್ತಿನ ನಾಡಿ ಮೆಲ್ಲಗೆ ಮೆಟ್ಟಿಲು ಹತ್ತಿತ್ತು: 88, 96, 104, 112. ಅದೊಂದನ್ನೇ ನೋಡಿದರೆ ಯಾರೂ ಗಾಬರಿಯಾಗುವುದಿಲ್ಲ. ಉಸಿರಿನ ಸಾಲು ಮಾತ್ರ ಇಸ್ತ್ರಿ ಹಾಕಿದಂತೆ ಮಟ್ಟಸ. ಬೆಳಿಗ್ಗೆ ಎಂಟಕ್ಕೆ 18. ಮಧ್ಯಾಹ್ನ ಹನ್ನೆರಡಕ್ಕೆ 18. ಸಂಜೆ ನಾಲ್ಕಕ್ಕೆ 18. ರಾತ್ರಿ ಎಂಟಕ್ಕೆ, ಸಾಯಲು ಮುಕ್ಕಾಲು ಗಂಟೆ ಇರುವಾಗ, 18.

“ಇಪ್ಪತ್ತೈದಕ್ಕೆ ಇಲ್ಲೊಂದು ಕೆಂಪು ಗೆರೆ ಇದೆ, ನೋಡು,” ಎಂದಳು ಗಂಟಕ್ಕ. “ಗೆರೆ ಮುಟ್ಟಿದ್ರೆ ಅರ್ಧ ಗಂಟೆಯೊಳಗೆ ಡಾಕ್ಟರು ಬಂದು ನೋಡಲೇಬೇಕು. ನಿಮ್ಮಪ್ಪ ಮಧ್ಯಾಹ್ನ ಹನ್ನೆರಡಕ್ಕೇ ಮುಟ್ಟಿದ್ರು.”

“ಎಂಟೂ ಮುಕ್ಕಾಲು ಗಂಟೆ ಇತ್ತು,” ಎಂದಳು ಕಂಡಕ್ಟರ್. ಕೂಡಿ ಕಳೆಯುವುದರಲ್ಲಿ ಅವಳು ತಡಮಾಡುವವಳಲ್ಲ. “ಅಷ್ಟು ಹೊತ್ತಲ್ಲಿ ನಾನು ಊರಾಚೆಗೆ ನಾಲ್ಕು ಟ್ರಿಪ್ ಹೊಡೀತೀನಿ. ಇವರು ಒಂದು ಹಾಸಿಗೆ ಹತ್ರ ಬರೋಕಾಗ್ಲಿಲ್ವಾ? ಇದನ್ನ ಬರೆದವರು ಯಾರು?”

“ಯಾರೋ ಒಬ್ರಲ್ಲ, ಅದೇ ತೊಂದರೆ. ನಾಡಿಗೆ ಯಂತ್ರ ಇದೆ, ಒತ್ತಡಕ್ಕೆ ಯಂತ್ರ ಇದೆ. ಉಸಿರಿಗೆ ಮಾತ್ರ ಮನುಷ್ಯ ಬೇಕು. ಒಂದು ನಿಮಿಷ ಪೂರ್ತಿ ಎದೆ ನೋಡ್ತಾ ನಿಲ್ಲಬೇಕು. ಯಾರು ನಿಲ್ತಾರೆ? ಹದಿನೆಂಟು ಅಂದ್ರೆ ಆರೋಗ್ಯವಂತರ ಅಂಕಿ. ಬರೆದು ಮುಂದಿನ ಹಾಸಿಗೆ. ಇದನ್ನ ಸಭೇಲಿ ಹೇಳಿದ್ರೆ ‘ಚೀಟಿ ರೋಗಿ ಗೀಚಿದ್ದು, ನಕ್ಷೆ ದಾಖಲೆ’ ಅಂತಾರೆ.” ಗಂಟಕ್ಕನ ತುಟಿಯ ಒಂದು ಮೂಲೆ ಮೇಲಕ್ಕೆದ್ದಿತು. ಕಾಲೇಜಿನ ರಜೆಯ ದಿನ ಎದ್ದ ಮೂಲೆಯೇ ಅದು. “ಹೇಳಬಾರದು. ತೋರಿಸಬೇಕು. ಇವತ್ತು ಏನು ದಿನ ಗೊತ್ತಾ? ಸಿಬ್ಬಂದಿಯ ವಾರ್ಷಿಕ ತಪಾಸಣೆ. ಸಭೆಯ ಬಾಗಿಲಲ್ಲೇ ಮೇಜು ಹಾಕಿದ್ದಾರೆ. ಕೂತಿರೋದು ಏಳನೇ ವಾರ್ಡಿನ ದೊಡ್ಡ ಸಿಸ್ಟರ್. ನಿಮ್ಮಪ್ಪನ ಗಡಿಯಾರ ಸ್ವಲ್ಪ ಹೊತ್ತು ನನಗೆ ಸಾಲ ಕೊಡ್ತೀಯಾ?”

ಹತ್ತೂವರೆಗೆ ಸಿಬ್ಬಂದಿ ಲಿಫ್ಟಿನ ನೆಲಮಹಡಿಯ ಬಾಗಿಲಿಗೆ ‘ಕೆಟ್ಟಿದೆ’ ಎಂಬ ಬೋರ್ಡು ನೇತುಬಿದ್ದಿತು. ಲಿಫ್ಟು ಗಟ್ಟಿಮುಟ್ಟಾಗಿತ್ತು. ರೋಗಿಗಳ ಲಿಫ್ಟು ಬೇರೆ ಕಡೆ ಇದ್ದದ್ದರಿಂದ ಗಂಟಕ್ಕನ ಆತ್ಮಸಾಕ್ಷಿಯೂ ಗಟ್ಟಿಮುಟ್ಟಾಗಿತ್ತು.

ಗುಡುಗು ಡಾಕ್ಟರು ಬಂದರು. ಬೋರ್ಡು ನೋಡಿ ಗುಡುಗಿದರು.

“ಯಾರ್ರೀ ಇದನ್ನ ಕೆಡಿಸಿದ್ದು?”

“ಹಳೇ ಮಾಲು, ಡಾಕ್ಟ್ರೇ,” ಎಂದಳು ಗಂಟಕ್ಕ. “ಐದೇ ಮಹಡಿ ತಾನೇ. ಬನ್ನಿ, ನಾನೂ ಬರ್ತೀನಿ.”

ಎರಡನೇ ಮಹಡಿಯಲ್ಲಿ ಅವರು ಮಾತು ಬಿಟ್ಟರು. ಮೂರನೆಯದರಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತರು. ಗಂಟಕ್ಕನ ಕಣ್ಣು ಅವರ ಎಡಗಾಲಿಗೆ ಬಿತ್ತು.

“ಬೂಟಿನ ದಾರ ಬಿಚ್ಚಿದೆ. ಎಡವೀರಿ.”

“ಬಿಚ್ಚಿಲ್ಲ... ಬಿಟ್ಟಿದ್ದೀನಿ. ಮೊನ್ನೆ ಹದಿನಾಲ್ಕು ಗಂಟೆ ವಿಮಾನದಲ್ಲಿ ಕೂತು ಬಂದೆನಲ್ಲ. ಆ ಕಾಲು ಬೂಟಿಗೇ... ಹಿಡಿಸ್ತಿಲ್ಲ.”

“ಯಾವ ಊರಿನ ಮದುವೆಗೆ ಹೋಗಿದ್ರಿ?”

“ಮದುವೆ ಅಲ್ಲ ಕಣಮ್ಮ, ಸಮ್ಮೇಳನ. ಆಪರೇಷನ್ ಆದ ಮೇಲೆ... ವಹಿಸಬೇಕಾದ... ಎಚ್ಚರಿಕೆಗಳು.”

ಗಂಟಕ್ಕ ನಗು ನುಂಗಿಕೊಂಡಳು. ನುಂಗಿದ್ದು ಆಮೇಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಆಗ ಗೊತ್ತಿರಲಿಲ್ಲ.

ಐದನೇ ಮಹಡಿಯಲ್ಲಿ ಡಾಕ್ಟರು ಕುರ್ಚಿಗೆ ಕುಸಿದರು. ಎದೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು. ದೊಡ್ಡ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿದರು, ಯಂತ್ರ ಒತ್ತಿದರು, ಅಂಕಿ ಬರೆದರು. “ಮುಂದಿನವರು!” ಎಂದರು. ತಪಾಸಣೆ ಚೀಟಿಯ ಕೊನೆಯ ಖಾನೆ ತುಂಬುವಾಗ ಅವರ ಕಣ್ಣು ಇದ್ದದ್ದು ಸಾಲಿನಲ್ಲಿ ನಿಂತ ಮುಂದಿನವರ ಮೇಲೆ.

ಗಂಟಕ್ಕ ಗೋಡೆಗೊರಗಿ ಡಾಕ್ಟರ ಉಸಿರೆಣಿಸಿದಳು. ಮೂವತ್ತಾರು.

ಹನ್ನೊಂದಕ್ಕೆ ಸಭೆ. ಉದ್ದನೆಯ ಮೇಜು, ತಲೆಯಲ್ಲಿ ಗುಡುಗು ಡಾಕ್ಟರು, ಎರಡು ಬದಿಗೆ ಇನ್ನಿಬ್ಬರು ಡಾಕ್ಟರು, ದೊಡ್ಡ ಸಿಸ್ಟರ್, ಟಿಪ್ಪಣಿ ಬರೆಯಲು ಕಡತದ ಗುಮಾಸ್ತ. ಗಂಟಕ್ಕ ಗಂಟು ಹೊತ್ತು ಒಳಬಂದಳು. ಹಿಂದೆಯೇ ಕಂಡಕ್ಟರ್.

“ಮನೆಯವರು ಒಳಗೆ ಬರೋ ಹಾಗಿಲ್ಲ,” ಎಂದರು ಡಾಕ್ಟರು.

“ನಿಯಮ ಹನ್ನೆರಡು,” ಎಂದಳು ಗಂಟಕ್ಕ. “ಸಹಿಯಾಗದ ಗಂಟು ವಾರಸುದಾರರ ಕಣ್ಣಳತೆ ಬಿಟ್ಟು ಹೋಗಬಾರದು. ಗಂಟು ಇಲ್ಲಿದೆ. ಸಹಿ ಆಗಿಲ್ಲ. ಕಣ್ಣು ಅವರ ಮುಖಕ್ಕೇ ಅಂಟಿಕೊಂಡಿದೆ, ಅದೊಂದನ್ನೇ ಬಿಚ್ಚಿ ತರೋಕಾಗಲ್ಲ.”

ಗುಮಾಸ್ತ ಕೆಮ್ಮಿನಲ್ಲಿ ನಗು ಬಚ್ಚಿಟ್ಟ. ಕಂಡಕ್ಟರ್ ಯಾರೂ ಕೂರು ಎನ್ನದಿದ್ದರೂ ಕುರ್ಚಿ ಎಳೆದು ಕೂತಳು.

“ಒಂಬತ್ತನೇ ಹಾಸಿಗೆ,” ಡಾಕ್ಟರು ಕಡತ ತೆರೆದರು. “ವಿಷಯ ಸ್ಪಷ್ಟ. ನೀರು—”

“ನೀರಿನ ಸಾಲಿಗೆ ಸಹಿ ಇಲ್ಲ,” ಗಂಟಕ್ಕ ಅಡ್ಡ ಬಂದಳು. “ಬರೆದವರು ಯಾರು?”

“ಅಕ್ಷರ ನನ್ನದು,” ಎಂದರು ದೊಡ್ಡ ಸಿಸ್ಟರ್, ತಲೆ ಎತ್ತದೆ.

“ಮಾತು ಯಾರದು?”

ಸಿಸ್ಟರ ಕಣ್ಣು ಮೇಜಿನ ತಲೆಯತ್ತ ಹೋಗಿ ಬಂತು.

“ನಾನೇ ಹೇಳಿ ಬರೆಸಿದ್ದು,” ಡಾಕ್ಟರು ಗುಡುಗಿದರು. “ಏನೀಗ? ದಿನವಿಡೀ ನಕ್ಷೆ ಚೆನ್ನಾಗಿದೆ. ನೀರು ಕುಡಿಸಿದ್ರು, ರೋಗಿ ಹೋದ್ರು. ಬೇರೆ ಕಾರಣ ಇದ್ರೆ ತೋರಿಸಿ!”

ಗಂಟಕ್ಕ ರಟ್ಟಿನ ಚೀಟಿಯನ್ನು ಅವರ ಮುಂದಿಟ್ಟು, ಅದೇನೆಂದು ನಾಲ್ಕೇ ಮಾತಿನಲ್ಲಿ ಹೇಳಿದಳು. ಡಾಕ್ಟರು ಅದನ್ನು ಬೆರಳ ತುದಿಯಿಂದ ಸರಿಸಿದರು.

“ರೋಗಿ ಗೀಚಿದ್ದು ಸಾಕ್ಷಿ ಆಗಲ್ಲ. ನಕ್ಷೆ ಸಾಕ್ಷಿ.”

“ಅಂದ್ರೆ ಹದಿನೆಂಟು ಅಂತ ಬರೆದಿದ್ರೆ ಯಾರೋ ಒಂದು ನಿಮಿಷ ನಿಂತು ಎಣಿಸಿದ್ದಾರೆ ಅಂತ ತಾನೇ?”

“ಅನುಮಾನವೇ? ನನ್ನ ವಾರ್ಡಲ್ಲಿ ಅಂದಾಜಿಗೆ ಜಾಗ ಇಲ್ಲ.”

“ಹಾಗಾದ್ರೆ ನಿಮ್ಮ ತಪಾಸಣೆ ಚೀಟಿ ಜೋರಾಗಿ ಓದ್ತೀರಾ? ಮೂವತ್ತು ನಿಮಿಷದ ಹಿಂದೆ, ಐದು ಮಹಡಿ ಹತ್ತಿ ಬಂದಾಗ ಬರೆದಿದ್ದು.”

“ಓದೋಕೇನು ಭಯ?” ಡಾಕ್ಟರು ಜೇಬಿನಿಂದ ಚೀಟಿ ತೆಗೆದರು. “ನಾಡಿ ನೂರ ಇಪ್ಪತ್ತೆರಡು. ಸಹಜ, ಮೆಟ್ಟಿಲು ಹತ್ತಿದ್ದೆ. ಉಸಿರು...”

ಗುಡುಗು ನಿಂತಿತು.

“ಉಸಿರು ಎಷ್ಟು, ಡಾಕ್ಟ್ರೇ?”

“ಹದಿನೆಂಟು.”

“ಹೃದಯ ಓಡ್ತಿತ್ತು, ಶ್ವಾಸಕೋಶ ಮಾತ್ರ ಪತ್ರಿಕೆ ಓದ್ತಾ ಕೂತಿತ್ತಾ?”

ಎರಡು ಬದಿಯ ಡಾಕ್ಟರೂ ಒಟ್ಟಿಗೇ ಜೇಬಿಗೆ ಕೈಹಾಕಿದರು. ಒಬ್ಬರದು ಹದಿನೆಂಟು. ಇನ್ನೊಬ್ಬರದು ಹದಿನೆಂಟು.

“ನನ್ನದೂ ಅಷ್ಟೇ ಸರ್,” ಎಂದ ಗುಮಾಸ್ತ, ಯಾರೂ ಕೇಳದಿದ್ದರೂ. “ಹೋದ ವರ್ಷವೂ ಅಷ್ಟೇ ಇತ್ತು. ನಾನು ಬದಲಾಗೇ ಇಲ್ಲ ಅಂತ ಮನೇಲಿ ಹೇಳಿ ಬೀಗಿದ್ದೆ.”

ಎಲ್ಲರೂ ಸಿಸ್ಟರತ್ತ ತಿರುಗಿದರು. ಸಿಸ್ಟರ್ ಎದ್ದು ನಿಂತರು. ತಲೆ ತಗ್ಗಿಸುತ್ತಾರೆಂದು ಗಂಟಕ್ಕ ಎಣಿಸಿದ್ದಳು. ಆ ಎಣಿಕೆ ತಪ್ಪಾಯಿತು.

“ನೋಡಬೇಡಿ ನನ್ನ ಹಾಗೆ!” ಎಂದರು ಸಿಸ್ಟರ್. “ಮೂವತ್ತೆರಡು ಹಾಸಿಗೆ, ಇಬ್ಬರು ನರ್ಸ್. ಒಬ್ಬೊಬ್ಬರ ಎದೆ ಮುಂದೆ ಒಂದೊಂದು ನಿಮಿಷ ನಿಂತ್ರೆ ಮಾತ್ರೆ ಯಾರು ಕೊಡೋದು, ಗಾಯ ಯಾರು ನೋಡೋದು? ಕೆಲಸಕ್ಕೆ ಸೇರಿದ ಮೊದಲನೇ ದಿನ ನನ್ನ ಹಿರಿಯರು ಹೇಳಿಕೊಟ್ಟಿದ್ದು ಹದಿನೆಂಟು. ನಾನು ನನ್ನ ಕಿರಿಯರಿಗೆ ಹೇಳಿಕೊಟ್ಟಿದ್ದೂ ಹದಿನೆಂಟು. ಜನ ಕೊಡಿ ಅಂತ ಮೂರು ಸಲ ಬರೆದು ಕೊಟ್ಟಿದ್ದೀನಿ. ಆ ಕಾಗದ ಯಾರ ಮೇಜಿನಲ್ಲಿದೆ ಅಂತ ಕೇಳಿ!” ಆಮೇಲೆ ಕಂಡಕ್ಟರತ್ತ ತಿರುಗಿದರು. ದನಿ ಇಳಿಯಿತು. “ಅವತ್ತು ನಾಲ್ಕು ಗಂಟೆದು ನಾನೇ ಬರೆದಿದ್ದು ಕಣಮ್ಮ. ಎಣಿಸಲಿಲ್ಲ. ನಿನ್ನ ಮೇಲೆ ಹಾಕಿದ ಸಾಲಿನ ಮೇಲೆ ನನಗೂ ಅನುಮಾನ ಇತ್ತು. ಆದ್ರೂ ಬರೆದೆ.”

ಕಂಡಕ್ಟರ್ ಅವರನ್ನು ದಿಟ್ಟಿಸಿ ನೋಡಿದಳು. “ಎಣಿಸೋಕೆ ಹೊತ್ತಿಲ್ಲದಿದ್ರೆ ಖಾನೆ ಖಾಲಿ ಬಿಡಬೇಕಿತ್ತು, ಸಿಸ್ಟರ್,” ಎಂದಳು. “ಟಿಕೆಟ್ ಕೊಡೋಕೆ ಆಗದಿದ್ರೆ ನಾನು ಕೊಟ್ಟೆ ಅಂತ ಬರೆಯಲ್ಲ. ಬಸ್ ನಿಲ್ಲಿಸ್ತೀನಿ. ಹಿಂದಿನವರು ಬೈತಾರೆ, ಬೈಲಿ.”

ಡಾಕ್ಟರು ಗಂಟಿನೊಳಗಿನ ಭೂತಗನ್ನಡಿ ಎತ್ತಿ ಕಣ್ಣಿಗೆ ಸಿಕ್ಕಿಸಿಕೊಂಡರು. ರಟ್ಟಿನ ಚೀಟಿಯನ್ನು ಹತ್ತಿರ ಎಳೆದು ಅದರ ಮೇಲೆ ಬಗ್ಗಿದರು. ಒಂದೊಂದೇ ಸಾಲು. ಕೊನೆಯದಕ್ಕೆ ಬಂದಾಗ ಕಂಡಕ್ಟರೇ ಹೇಳಿದಳು:

“ಎಣ್ಣೆ ಅಂದ್ರೆ ನೀರು, ಡಾಕ್ಟ್ರೇ. ನಾನು ಕೊಟ್ಟ ನೀರು. ಆಮೇಲೆ ಏನು ಬರೆದಿದ್ದಾರೆ ಅಂತ ನೀವೇ ಓದಿ. ಜೋರಾಗಿ ಓದಿ.”

“ಸುಧಾರಣೆ,” ಎಂದರು ಡಾಕ್ಟರು. ಆ ಮಾತಿನಲ್ಲಿ ಗುಡುಗಿರಲಿಲ್ಲ. ಕಣ್ಣಿಂದ ಗಾಜು ತೆಗೆದರು. “ನೀರು ಶ್ವಾಸನಾಳಕ್ಕೆ ಹೋಗಿದ್ರೆ ಆ ಕ್ಷಣವೇ ಏರಬೇಕಿತ್ತು. ಇದು ಬೆಳಿಗ್ಗೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಚೂರು ಚೂರಾಗಿ ಶ್ವಾಸಕೋಶಕ್ಕೆ ಹೋಗಿರಬಹುದು. ಬಹಳ ಹೊತ್ತು ಅಲ್ಲಾಡದೆ ಇದ್ದವರಿಗೆ ಆಗತ್ತೆ. ಮೊದಲು ಒಂದು ಕಾಲು ಮಾತ್ರ ಊದತ್ತೆ. ಆಮೇಲೆ ಉಸಿರು. ಹನ್ನೆರಡು ಗಂಟೆಗೆ ಕರೆದಿದ್ರೆ ಏನಾದ್ರೂ ಮಾಡಬಹುದಿತ್ತು, ಉಳೀತಿದ್ರು ಅಂತ ಹೇಳಲಾರೆ. ನೀರಿನಿಂದ ಅಲ್ಲ ಅಂತ ಮಾತ್ರ ಹೇಳಬಲ್ಲೆ. ನಿನ್ನಿಂದ ಅಲ್ಲಮ್ಮ. ನಾನು ನೋಡದೆ ಬರೆಸಿದೆ.”

ಅವರು ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದರು. ಕೆಳಗೆ ಹೊಸ ಸಾಲು ಬರೆಯತೊಡಗಿದರು.

ಕಂಡಕ್ಟರ್ ಮೇಜಿನ ನಡುವಿನ ನೀರಿನ ಜಗ್ಗು ಎಳೆದುಕೊಂಡಳು. ಲೋಟಕ್ಕೆ ಸುರಿದಳು. ಎಲ್ಲರೆದುರಿಗೆ, ಒಂದೇ ಉಸಿರಿಗೆ, ತಳ ಕಾಣುವವರೆಗೆ ಕುಡಿದಳು. ಆಮೇಲೆ ಇನ್ನೊಂದು ಲೋಟ.

ಗಂಟಕ್ಕನ ಕೈಯಲ್ಲಿ ಗಡಿಯಾರ ಇನ್ನೂ ಇತ್ತು. ಸುಮ್ಮನೆ, ಚೇಷ್ಟೆಗೆ, ನಿಜವಾದ ಅಂಕಿ ಎಷ್ಟೆಂದು ಆಮೇಲೆ ಸಿಸ್ಟರಿಗೆ ಹೇಳಿ ಕಾಡೋಣವೆಂದು, ಬಗ್ಗಿ ಬರೆಯುತ್ತಿದ್ದ ಡಾಕ್ಟರ ಬೆನ್ನು ನೋಡುತ್ತ ಅವಳು ಎಣಿಸಿದಳು.

ಮೂವತ್ತನಾಲ್ಕು.

ತಪ್ಪಿರಬೇಕು. ಮತ್ತೆ ಎಣಿಸಿದಳು. ಮೂವತ್ತನಾಲ್ಕು. ಡಾಕ್ಟರು ಮೆಟ್ಟಿಲು ಹತ್ತಿ ಮುಕ್ಕಾಲು ಗಂಟೆಯಾಗಿತ್ತು. ಅಷ್ಟು ಹೊತ್ತೂ ಕುರ್ಚಿಯಲ್ಲೇ ಇದ್ದರು.

ಅವಳ ಕಣ್ಣು ಮೇಜಿನ ಕೆಳಕ್ಕೆ ಜಾರಿತು. ಬಲಗಾಲಿನ ಬೂಟಿನ ದಾರ ಬಿಗಿಯಾಗಿತ್ತು. ಎಡಗಾಲಿನದು ಸಡಿಲ.

ಹದಿನಾಲ್ಕು ಗಂಟೆ ವಿಮಾನ. ಆ ಕಾಲನ್ನು ಐದು ಮಹಡಿ ಹತ್ತಿಸಿದವಳು ತಾನೇ.

“ಸಹಿ ಹಾಕೋ ಮುಂಚೆ ಒಂದು ಮಾತು, ಸರ್,” ಎಂದ ಗುಮಾಸ್ತ, ಟಿಪ್ಪಣಿಯಿಂದ ತಲೆ ಎತ್ತಿ. “ಐದು ಮಹಡಿ ಹತ್ತಿದ್ರು ಅಂತ ಬರೀಲಾ? ಯಾಕೆ ಹತ್ತಿದ್ರಿ? ನಾನು ನೆಲಮಾಳಿಗೆಯಿಂದ ಲಿಫ್ಟಲ್ಲೇ ಬಂದೆ. ಬೆಣ್ಣೆ ಹಾಗೆ ಬಂತು.”

ಡಾಕ್ಟರ ಪೆನ್ನು ನಿಂತಿತು. ಅವರು ಗುಮಾಸ್ತನನ್ನು ನೋಡಿದರು. ಗಂಟಕ್ಕನನ್ನು ನೋಡಿದರು.

“ಬೆಳಿಗ್ಗೆ ಫೋನಲ್ಲಿ ಅಷ್ಟು ಬೈದ್ರಲ್ಲ ಸರ್, ಕಡತ ಕಳಿಸು ಅಂತ—”

“ನಾನಾ? ಫೋನಾ?”

ಕ್ಷಣ ಬಿಟ್ಟು ಗುಡುಗು ಡಾಕ್ಟರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಮೇಜು ಕುಟ್ಟಿ, ಕಣ್ಣಲ್ಲಿ ನೀರು ಬರುವ ಹಾಗೆ. “ಬೋರ್ಡು ನಿನ್ನದಾ! ನನ್ನ ದನೀಲಿ ನನ್ನ ಕಡತ! ಅಯ್ಯೋ ನಿನ್ನ... ನನ್ನನ್ನ ನಾಯಿ ಹಾಗೆ ಏದುಸಿರು ಬಿಡಿಸಿ... ಹದಿನೆಂಟು! ಹದಿನೆಂಟು ಅಂತೆ!” ಆ ನಗು ಅಂಟುಜಾಡ್ಯವಾಯಿತು. ಗುಮಾಸ್ತ ನಕ್ಕ, ಎರಡು ಬದಿಯ ಡಾಕ್ಟರು ನಕ್ಕರು, ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಒಂಬತ್ತು ದಿನದಲ್ಲಿ ಮೊದಲ ಸಲ ಕಂಡಕ್ಟರೂ ಹಲ್ಲು ತೋರಿಸಿದಳು.

“ಡಾಕ್ಟ್ರೇ, ನಗು ನಿಲ್ಲಿಸಿ,” ಎಂದಳು ಗಂಟಕ್ಕ. “ನಿಮ್ಮ ಕಾಲು ತೋರಿಸಿ. ಸಿಸ್ಟರ್, ಸ್ಟ್ರೆಚರ್ ತರಿಸಿ. ಆ ಎಡಗಾಲು ನೋಡಿ.”

“ಭಲೇ! ಇದು ಯಾರ ದನಿ? ದೊಡ್ಡ ಸಿಸ್ಟರದಾ?” ಡಾಕ್ಟರು ಇನ್ನೂ ಜೋರಾಗಿ ನಕ್ಕರು. ಕೆಮ್ಮಿದರು. ಮತ್ತೆ ನಕ್ಕರು.

“ತಮಾಷೆ ಅಲ್ಲ. ಇದು ನನ್ನದೇ ದನಿ!”

“ಅದನ್ನೂ ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡ್ರಿ!” ಎಂದ ಗುಮಾಸ್ತ, ತೊಡೆ ತಟ್ಟಿ.

ಇಪ್ಪತ್ತೆರಡು ವರ್ಷದಲ್ಲಿ ಈ ಆಸ್ಪತ್ರೆಯ ಎಲ್ಲರ ದನಿಯೂ ಗಂಟಕ್ಕನಿಗೆ ಒಲಿದಿತ್ತು. ಇವತ್ತು ಅವಳ ಸ್ವಂತ ದನಿಯನ್ನು ನಂಬುವವರು ಆ ಕೋಣೆಯಲ್ಲಿ ಇರಲಿಲ್ಲ. ಒಬ್ಬಳನ್ನು ಬಿಟ್ಟು.

ಕಂಡಕ್ಟರ ಬಾಯಿ ಮುಚ್ಚಿಕೊಂಡಿತ್ತು. ಅವಳು ಗಂಟಕ್ಕನ ಕೈಯಲ್ಲಿದ್ದ ತನ್ನಪ್ಪನ ಗಡಿಯಾರ ನೋಡಿದಳು. ಆಮೇಲೆ ಗಂಟಕ್ಕನ ಮುಖ.

“ಎಷ್ಟು?”

“ಮೂವತ್ತನಾಲ್ಕು. ಎರಡು ಸಲ ಎಣಿಸಿದೆ.”

ಕಂಡಕ್ಟರ್ ಎದ್ದು ನಿಂತು ಕೊರಳ ಸೀಟಿಯನ್ನು ಬಾಯಿಗಿಟ್ಟು, ಸೇತುವೆ ಮುರಿದ ದಾರಿಯಲ್ಲಿ ಬಸ್ಸು ನಿಲ್ಲಿಸುವವಳಂತೆ, ಕಿಟಕಿಯ ಗಾಜು ನಡುಗುವಷ್ಟು ಜೋರಾಗಿ ಊದಿದಳು.

ಕೋಣೆ ಸ್ತಬ್ಧವಾಯಿತು. ಗುಮಾಸ್ತನ ನಗು ಅರ್ಧಕ್ಕೆ ನಿಂತಿತು. ಸಿಸ್ಟರ್ ಮೇಜಿನ ಕೆಳಗೆ ಬಗ್ಗಿ ಡಾಕ್ಟರ ಊದಿದ ಎಡಗಾಲು ನೋಡಿದವರು ಮೇಲೆ ಏಳಲೇ ಇಲ್ಲ. ಡಾಕ್ಟರ ಕೈಯಿಂದ ಜಾರಿದ ಪೆನ್ನು ಕಡತದ ಮೇಲೆ ಉರುಳಿ, ಹೊಸ ಸಾಲನ್ನು ದಾಟಿ, ಸಹಿಯ ಖಾಲಿ ಜಾಗವನ್ನೂ ದಾಟಿ, ನೆಲಕ್ಕೆ ಬಿತ್ತು.

ಗುಡುಗು ಡಾಕ್ಟರೊಬ್ಬರೇ ಇನ್ನೂ ನಗುತ್ತಿದ್ದರು. ಎಲ್ಲರೂ ನಕ್ಕಾಗ ನಕ್ಕದ್ದಕ್ಕಿಂತ ಜೋರಾಗಿ. ಒಂದು ನಗುವಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುವ ಹೊತ್ತು ಮಾತ್ರ ಪ್ರತಿ ಸಲವೂ ಕೊಂಚ ಕೊಂಚ ಉದ್ದವಾಗುತ್ತಿತ್ತು.